ಕಾಲಂ ಮೂರು, ಕಾಲಂ ಒಂಬತ್ತು

ಹೋದ ವರ್ಷ ಆಷಾಢದ ಒಂದು ಶುಕ್ರವಾರ ರಾತ್ರಿ. ನಮ್ಮ ಆಫೀಸಿನ ಹಳೆಯ ಡೇಟಾಬೇಸನ್ನು ಸರ್ವರ್ ರೂಮಿನಿಂದ ಕ್ಲೌಡಿಗೆ ಸಾಗಿಸುವ ಕೆಲಸ. ಮೂರು ತಿಂಗಳಿನಿಂದ ತಯಾರಿ ನಡೆದಿತ್ತು. ಕ್ಲೌಡಿನಲ್ಲಿ ಹೊಸ ಡೇಟಾಬೇಸ್ ಎಬ್ಬಿಸುವುದೇನೂ ದೊಡ್ಡ ವಿಷಯ ಅಲ್ಲ. ನಾಲ್ಕು ಸಲ ಕ್ಲಿಕ್ ಮಾಡಿ ಒಂದು ಕಾಫಿ ಕುಡಿದು ಬರುವಷ್ಟರಲ್ಲಿ ಅದು ಎದ್ದು ಕೂತಿರುತ್ತೆ. ಹೊರಗಿನವರು ಮುಟ್ಟದ ಹಾಗೆ ಖಾಸಗಿ ನೆಟ್‌ವರ್ಕಿನೊಳಗೆ ಇಡು, ದಿನಾ ಬ್ಯಾಕಪ್ ತಗೋ, ಒಂದು ಡೇಟಾ ಸೆಂಟರ್ ಕೈಕೊಟ್ಟರೆ ಇನ್ನೊಂದು ಎತ್ತಿಕೊಳ್ಳಲಿ ಅಂತ ಟಿಕ್ ಹಾಕು, ಮುಗೀತು. ಕಷ್ಟ ಇರೋದು ಹಳೆಯ ಡೇಟಾದಲ್ಲಿ. ಹದಿನೈದು ವರ್ಷದಿಂದ ಯಾರ್ಯಾರೋ ಏನೇನೋ ತುಂಬಿಟ್ಟಿರುತ್ತಾರೆ, ಹೊಸ ಜಾಗ ಅದನ್ನು ಒಪ್ಪಲ್ಲ.

ರಾತ್ರಿ ಹತ್ತೂವರೆಗೆ ಊರಿಂದ ದೊಡ್ಡಪ್ಪನ ಫೋನು.

'ಏನ್ಲಾ ಮಗ, ಊಟ ಆಯ್ತಾ?'

'ಇನ್ನೂ ಇಲ್ಲ ದೊಡ್ಡಪ್ಪ, ಕೆಲಸ ನಡೀತಾ ಇದೆ.'

'ಈ ಒತ್ನಲ್ಲಾ? ಸರಿ ಬುಡು. ನಮ್ಮ ಪಾಣೀಲಿ ಏನೋ ತಾಳೆ ಆಯ್ತಾ ಇಲ್ವಂತೆ ಕಣ್ಲಾ. ಮೂರಕ್ಕೂ ಒಂಬತ್ತಕ್ಕೂ ಕೂಡ್ತಾ ಇಲ್ಲ, ಕಂಪ್ಯೂಟ್ರು ಒಪ್ತಾ ಇಲ್ಲ ಅಂತಾರೆ. ನೀನು ಕಂಪ್ಯೂಟ್ರು ಓದಿರೋನಲ್ವಾ, ವಸಿ ನೋಡ್ಬುಟ್ಟು ಏಳು.'

ನನಗೆ ನಗು ಬಂತು. ನನ್ನ ಸ್ಕ್ರೀನಿನ ಮೇಲೂ ಅದೇ ಗೋಳು: ಎರಡು ಟೇಬಲ್ಲಿನ ಲೆಕ್ಕ ತಾಳೆಯಾಗದೆ ಸಾಗಣೆ ನಿಂತಿತ್ತು. ಆಫೀಸಿನ ಗಂಟನ್ನು ಬೆಳಗಿನ ಜಾವ ಹೇಗೋ ಬಿಡಿಸಿದೆವು. ದೊಡ್ಡಪ್ಪನದ್ದನ್ನು ಬಿಡಿಸಲು ಹೊರಟಾಗ ಮಾತ್ರ ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕಾಯಿತು.

ಪಹಣಿ ಗೊತ್ತಿಲ್ಲದವರಿಗೆ ಎರಡು ಮಾತು. ಆರ್‌ಟಿಸಿ ಅನ್ನೋದು ಇದನ್ನೇ. ಒಂದು ಸರ್ವೆ ನಂಬರಿನ ಜಮೀನಿನ ಪೂರ್ತಿ ಜಾತಕ ಒಂದೇ ಹಾಳೆಯಲ್ಲಿ. ಮೂರನೇ ಕಾಲಂನಲ್ಲಿ ಒಟ್ಟು ವಿಸ್ತೀರ್ಣ, ಅದರಲ್ಲಿ ಖರಾಬು ಎಷ್ಟು, ಕಳೆದು ಉಳಿದದ್ದೆಷ್ಟು. ಒಂಬತ್ತರಲ್ಲಿ ಮಾಲೀಕರ ಹೆಸರು, ಅವರವರ ಪಾಲು. ಹತ್ತರಲ್ಲಿ ಆ ಜಮೀನು ಅವರಿಗೆ ಬಂದ ದಾರಿ. ಹನ್ನೊಂದರಲ್ಲಿ ಸಾಲ, ಋಣ, ಕೋರ್ಟು ತಕರಾರು. ಹನ್ನೆರಡರಲ್ಲಿ ಉಳುವವರು ಯಾರು, ಬೆಳೆ ಯಾವುದು. ಕಾಲಂ ಮೂರರಲ್ಲಿ ಉಳಿದ ವಿಸ್ತೀರ್ಣಕ್ಕೆ ಕಾಲಂ ಒಂಬತ್ತರ ಪಾಲುಗಳ ಮೊತ್ತ ಸರಿಹೋಗಬೇಕು. ಡೇಟಾಬೇಸ್ ಭಾಷೆಯಲ್ಲಿ ಇದೊಂದು ಕನ್‌ಸ್ಟ್ರೇಂಟು. ಅದು ಕೂಡದಿದ್ದರೆ ಮಾರಾಟ, ವಿಭಾಗ ಯಾವುದೂ ಮುಂದಕ್ಕೆ ಹೋಗಲ್ಲ. 'ಮೂರೂ ಒಂಬತ್ತೂ ಕೂಡ್ತಾ ಇಲ್ಲ' ಎಂಬುದು ಕರ್ನಾಟಕದ ಹಳ್ಳಿಗಳಲ್ಲಿ ಜ್ವರ, ನೆಗಡಿಯಷ್ಟೇ ಸಾಮಾನ್ಯವಾದ ಕಾಯಿಲೆ.

ಈ ಹಾಳೆ ಹುಟ್ಟುವ ಮೊದಲು ಲೆಕ್ಕ ಇದ್ದದ್ದು ಶಾನುಭೋಗರ ಕಡತದಲ್ಲಿ. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಪುಸ್ತಕ ಅದು. ಬರೆಯೋದು ಬಳಪದಲ್ಲಿ. ತಪ್ಪಾದರೆ ಒರೆಸಿ ಮತ್ತೆ ಬರೆಯಬಹುದು. ಒರೆಸಿದ್ದು ಯಾರು, ಯಾವಾಗ, ಮೊದಲು ಅಲ್ಲೇನಿತ್ತು ಎಂಬುದಕ್ಕೆ ಗುರುತೇ ಉಳಿಯಲ್ಲ. ಶಾನುಭೋಗಿಕೆ ವಂಶದಿಂದ ಬಂದದ್ದು, ಹಾಗಾಗಿ ಕಡತ ಇರುತ್ತಿದ್ದದ್ದೂ ಅವರ ಮನೆಯ ಅಟ್ಟದ ಮೇಲೆ. ಇಡೀ ಊರಿಗೆ ಒಂದೇ ಸರ್ವರ್, ಒಬ್ಬನೇ ಅಡ್ಮಿನ್, ಪಾಸ್‌ವರ್ಡ್ ಅಪ್ಪನಿಂದ ಮಗನಿಗೆ. ವರ್ಷಕ್ಕೊಮ್ಮೆ ಜಮಾಬಂದಿಯಲ್ಲಿ ಮೇಲಿನವರು ಬಂದು ಲೆಕ್ಕ ನೋಡುತ್ತಿದ್ದರು. ಆಡಿಟ್ ಅಂತ ಇದ್ದದ್ದು ಅಷ್ಟೇ. ಶಾನುಭೋಗರನ್ನು ಖಳನಾಯಕ ಮಾಡುವುದು ನಮ್ಮ ಸಿನಿಮಾಗಳಿಗೆ ಸುಲಭ, ಆದರೆ ಯಾವ ಗದ್ದೆಗೆ ಯಾವ ಕಾಲುವೆಯ ನೀರು, ಯಾರ ತಾತ ಯಾರಿಗೆ ಬಿಟ್ಟುಕೊಟ್ಟದ್ದು ಎಂಬ, ಯಾವ ಕಾಲಂಗೂ ಹಿಡಿಸದ ಸಂಗತಿಗಳು ಅವರ ತಲೆಯಲ್ಲೇ ಇದ್ದವು. ಸಾಫ್ಟ್‌ವೇರ್ ಕಂಪನಿಗಳಲ್ಲೂ ಅಂಥವರೊಬ್ಬರು ಇರ್ತಾರೆ. ಅವರು ರಾಜೀನಾಮೆ ಕೊಟ್ಟ ದಿನ ಅವರ ಬೆಲೆ ಗೊತ್ತಾಗುತ್ತೆ.

ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿದ್ದಾಗ, ಬೌರಿಂಗ್ ಕಾಲದಲ್ಲಿ, 1863ರಲ್ಲಿ ಬಾಂಬೆ ಮಾದರಿಯ ಕಂದಾಯ ಸರ್ವೆ ಶುರುವಾಯಿತು. ಅಲ್ಲಿಯವರೆಗೆ ಹೊಲ ಅಂದರೆ ಇಷ್ಟು ಕೊಳಗ ಬೀಜ ಬೀಳುವ ನೆಲ. ಸರಪಳಿ ಹಿಡಿದ ಸರ್ವೆಯವರು ಬಂದಮೇಲೆ ಅದು ಎಕರೆ, ಗುಂಟೆ ಆಯಿತು, ಹೊಲಕ್ಕೊಂದು ನಂಬರ್ ಬಿತ್ತು, ಮೂಲೆಗೆ ಕಲ್ಲು ನೆಟ್ಟರು. ನಮ್ಮ ದೃಷ್ಟಿಯಲ್ಲಿ ಇದೇ ದೊಡ್ಡ ತಿರುವು. 'ಹುಣಸೆಮರದ ಹೊಲ' ಎಂಬ ಹೆಸರು ಪಕ್ಕದೂರಲ್ಲೂ ಇರುತ್ತೆ, ಮರ ಬಿದ್ದುಹೋದರೆ ಹೆಸರೂ ಹೋಯಿತು. ಸರ್ವೆ ನಂಬರ್ ಹಾಗಲ್ಲ, ಒಂದು ಊರಿನೊಳಗೆ ಅದು ಒಂದೇ. ಡೇಟಾಬೇಸಿನವರು ಪ್ರೈಮರಿ ಕೀ ಅನ್ನೋದು ಇಂಥದ್ದಕ್ಕೇ.

ಆದರೆ ನಂಬರ್ ಒಂದೇ ಸಾಲದು. 45ನೇ ಸರ್ವೆ ನಂಬರ್ ಪ್ರತಿ ಊರಲ್ಲೂ ಇರುತ್ತೆ. ಅದಕ್ಕೇ ಜಾಲತಾಣದಲ್ಲಿ ಪಹಣಿ ನೋಡಲು ಹೋದರೆ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್ನಾಕ್, ಹಿಸ್ಸಾ ಅಂತ ಸಾಲಾಗಿ ಕೇಳೋದು. (ಸರ್ನಾಕ್ ಅಂದ್ರೇನು ಅಂತ ಪ್ರತಿ ಸಲವೂ ಒಬ್ಬರಾದರೂ ನನ್ನನ್ನು ಕೇಳ್ತಾರೆ. ಹೆಚ್ಚಿನ ಕಡೆ ಅಲ್ಲಿ ಒಂದು ನಕ್ಷತ್ರದ ಗುರುತಿರುತ್ತೆ, ಅದನ್ನೇ ಒತ್ತಿ ಮುಂದೆ ಹೋಗಿ.) ಅಷ್ಟೂ ಸೇರಿದರೆ ಒಂದು ತುಂಡು ನೆಲದ ಗುರುತು. ಇದರಲ್ಲಿ ನಂಬರ್ ಬದಲಾಗಲ್ಲ, ಮೇಲಿನ ಹೆಸರುಗಳು ಮಾತ್ರ ಬದಲಾಗ್ತಾನೇ ಇರ್ತವೆ. 20ನೇ ಶತಮಾನದ ಆರಂಭದಲ್ಲಿ ಪಿರಿಯಾಪಟ್ಟಣ ಹುಣಸೂರಿನ ಕೆಳಗಿದ್ದ ಉಪತಾಲ್ಲೂಕು. ಇವತ್ತಿನ ಕೆ.ಆರ್. ನಗರ ಆಗ ಯಡತೊರೆ. ಕಾವೇರಿ ಪ್ರವಾಹದ ಹೊಡೆತ ತಿಂದಮೇಲೆ ಎತ್ತರದಲ್ಲಿ ಹೊಸ ಪಟ್ಟಣ ಕಟ್ಟಿ ಕೃಷ್ಣರಾಜನಗರ ಅಂದರು. ಈಚಿನ ವರ್ಷಗಳಲ್ಲಿ ಅದರಿಂದ ಸಾಲಿಗ್ರಾಮ ಬೇರೆಯಾಯಿತು, ಹೆಗ್ಗಡದೇವನಕೋಟೆಯಿಂದ ಸರಗೂರು ಬೇರೆಯಾಯಿತು. ಪೇಪರಿನಲ್ಲಿ 'ಹೊಸ ತಾಲ್ಲೂಕು ಉದ್ಘಾಟನೆ' ಅಂತ ಓದುವಾಗ ನಮಗೆ ಕಾಣೋದು ಹಾರ, ತುರಾಯಿ. ಹಿಂದೆ ಯಾರೋ ಕೂತು ಸಾವಿರಾರು ಸಾಲುಗಳ ಫಾರಿನ್ ಕೀಯನ್ನು ಒಂದೂ ತಪ್ಪದ ಹಾಗೆ ಬದಲಿಸಬೇಕು.

1961ರ ಕಾಯಿದೆಯ ಪ್ರಕಾರ 1963ರ ಫೆಬ್ರವರಿ 1ರಿಂದ ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆ ಎರಡೂ ರದ್ದಾದವು. ಸರ್ಕಾರಿ ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಮರುವರ್ಷ ಭೂಕಂದಾಯ ಕಾಯಿದೆ. ಇಷ್ಟೆಲ್ಲ ಆದರೂ ಪುಸ್ತಕ ಇದ್ದದ್ದು ಒಬ್ಬರದೇ ಕೈಯಲ್ಲಿ.

ಆ ಪುಸ್ತಕದಲ್ಲಿ ಯಾರ ಹೆಸರಿದೆ ಎಂಬುದರ ಮೇಲೆ ಬದುಕೇ ನಿಂತಿದ್ದ ಒಂದು ಗಳಿಗೆ ನಮ್ಮ ಕಡೆಯವರಿಗೆ ಚೆನ್ನಾಗಿ ನೆನಪಿದೆ. 1974ರ ಮಾರ್ಚ್ 1. ದೇವರಾಜ ಅರಸು ಮುಖ್ಯಮಂತ್ರಿ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು, ಹುಣಸೂರಿನಿಂದಲೇ ಗೆದ್ದು ಬರುತ್ತಿದ್ದವರು. ಭೂಸುಧಾರಣೆ ತಿದ್ದುಪಡಿ ಜಾರಿಯಾಗಿ, ಗೇಣಿಯಲ್ಲಿದ್ದ ಜಮೀನೆಲ್ಲ ಆ ದಿನದಿಂದ ಸರ್ಕಾರದ ಪಾಲಾಯಿತು. ಉಳುತ್ತಿದ್ದವನು ಫಾರಂ ಏಳರಲ್ಲಿ ಅರ್ಜಿ ಹಾಕಿ ಭೂನ್ಯಾಯ ಮಂಡಳಿಯ ಮುಂದೆ ಹೋಗಬೇಕು. ಒಂದೇ ಕಾಯಿದೆಯಿಂದ ಇಡೀ ರಾಜ್ಯದ ಕಾಲಂ ಒಂಬತ್ತನ್ನು ತಿದ್ದುವ ಕೆಲಸ. ನಮ್ಮ ಇತಿಹಾಸದಲ್ಲಿ ಅಷ್ಟು ದೊಡ್ಡ ಅಪ್‌ಡೇಟ್ ಇನ್ನೊಂದು ಆಗಿರಲಿಕ್ಕಿಲ್ಲ. ಆದರೆ ಮಂಡಳಿ ಕೇಳುತ್ತಿದ್ದ ಮೊದಲ ಸಾಕ್ಷಿ ಪಹಣಿಯ ಸಾಗುವಳಿ ಕಾಲಂ. ಧಣಿಗೆ ಬೇಡದ್ದಕ್ಕೋ ಲೆಕ್ಕ ಬರೆಯುವವರು ಮನಸ್ಸು ಮಾಡದ್ದಕ್ಕೋ ಎಷ್ಟೋ ಗೇಣಿದಾರರ ಹೆಸರು ಅಲ್ಲಿ ಬಿದ್ದಿರಲೇ ಇಲ್ಲ. ಹೆಸರಿದ್ದವನು ಒಡೆಯನಾದ. ಹೆಸರಿಲ್ಲದವನು ಇಪ್ಪತ್ತು ವರ್ಷ ಉತ್ತಿದ್ದರೂ ಸಾಕ್ಷಿ ಹುಡುಕಿಕೊಂಡು ಅಲೆದ.

ಇದೇ ಹೊತ್ತಿನಲ್ಲಿ ಭೂಮಿಯ ಆ ಮಗ್ಗುಲಲ್ಲಿ ಇನ್ನೊಂದು ಕಥೆ. ಎಡ್ಗರ್ ಕಾಡ್ ಅಂತ ಒಬ್ಬ ಇಂಗ್ಲಿಷಿನವರು, ಎರಡನೇ ಮಹಾಯುದ್ಧದಲ್ಲಿ ವಿಮಾನ ಹಾರಿಸಿದ್ದವರು, ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ ಐಬಿಎಂನಲ್ಲಿದ್ದರು. 1970ರ ಜೂನ್‌ನಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅಲ್ಲಿಯವರೆಗಿನ ಡೇಟಾಬೇಸುಗಳಲ್ಲಿ ಮಾಹಿತಿ ಬೇಕಾದರೆ ಅದು ಯಾವ ಕೊಂಬೆಯ ಯಾವ ರೆಂಬೆಯಲ್ಲಿದೆ ಅಂತ ಪ್ರೋಗ್ರಾಂ ಬರೆಯುವವರಿಗೆ ದಾರಿ ಗೊತ್ತಿರಬೇಕಿತ್ತು. ಪಕ್ಕಾ ಶಾನುಭೋಗ ಪದ್ಧತಿ! ಕಾಡ್ ಹೇಳಿದ್ದು ಇಷ್ಟು: ಎಲ್ಲವನ್ನೂ ಸಾಲು ಮತ್ತು ಕಾಲಂ ಇರುವ ಕೋಷ್ಟಕಗಳಲ್ಲಿಡಿ, ಕೇಳುವವರು ಏನು ಬೇಕು ಅಂತಷ್ಟೇ ಹೇಳಲಿ, ಹುಡುಕುವ ದಾರಿ ಯಂತ್ರದ ತಲೆನೋವು. ಅದೇ ಕಂಪನಿಯ ಚೇಂಬರ್ಲಿನ್ ಮತ್ತು ಬಾಯ್ಸ್ 1974ರಲ್ಲಿ ಹೀಗೆ ಕೇಳಲು ಒಂದು ಭಾಷೆ ಮಾಡಿದರು. ಇವತ್ತಿನ ಎಸ್‌ಕ್ಯೂಎಲ್ ಅದರ ಮಗು. ನಮ್ಮಲ್ಲಿ ಫಾರಂ ಏಳು ಬಂದ ವರ್ಷವೂ ಅದೇ. ಎರಡಕ್ಕೂ ಸಂಬಂಧ ಏನೂ ಇಲ್ಲ, ಸುಮ್ಮನೆ ಹೇಳಿದೆ.

ಸಂಬಂಧ ಕೂಡಿದ್ದು ಕಾಲು ಶತಮಾನದ ನಂತರ. ಭೂದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ಕೇಂದ್ರದ ಯೋಜನೆ 1988-89ರಲ್ಲೇ ಎಂಟು ಜಿಲ್ಲೆಗಳಲ್ಲಿ ಪ್ರಯೋಗವಾಗಿ ಶುರುವಾಗಿತ್ತು. ಆ ಮೊದಲ ಯತ್ನಗಳು ಕುಂಟಿದ್ದಕ್ಕೆ ಕಾರಣ ಸರಳ. ಇರೋದನ್ನು ಟೈಪ್ ಮಾಡಿದರು, ಟೈಪ್ ಮುಗಿಯುವಷ್ಟರಲ್ಲಿ ಹಳ್ಳಿಯಲ್ಲಿ ಯಾರೋ ಸತ್ತಿರುತ್ತಾರೆ, ಯಾರೋ ಮಾರಿರುತ್ತಾರೆ. ಬದಲಾವಣೆ ಕೈಬರಹದ ಪುಸ್ತಕಕ್ಕೆ ಹೋಗುತ್ತೆ, ಕಂಪ್ಯೂಟರಿನಲ್ಲಿ ಹಳೆಯದೇ ಉಳಿಯುತ್ತೆ. ಒಂದು ವರ್ಷ ಕಳೆದರೆ ಡೇಟಾ ತಂಗಳು.

ಎಸ್.ಎಂ. ಕೃಷ್ಣ ಅವರ ಸರ್ಕಾರದ ಕಾಲದಲ್ಲಿ ಬಂದ 'ಭೂಮಿ' ಈ ಗಂಟನ್ನು ಬಿಡಿಸಿದ್ದು ತಂತ್ರಜ್ಞಾನದಿಂದಲ್ಲ, ಒಂದು ಆದೇಶದಿಂದ. ಕಂದಾಯ ಇಲಾಖೆಯಲ್ಲಿದ್ದ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದೆ ನಿಂತರು, ಸಾಫ್ಟ್‌ವೇರ್ ಎನ್‌ಐಸಿಯದು. ಸುಮಾರು 2 ಕೋಟಿ ಪಹಣಿ, 67 ಲಕ್ಷ ರೈತರು, ಒಂಬತ್ತು ಸಾವಿರದಷ್ಟು ಗ್ರಾಮ ಲೆಕ್ಕಿಗರು. ಟೈಪ್ ಮಾಡಿದ್ದನ್ನು ಪ್ರಿಂಟ್ ತೆಗೆದು ಅದೇ ಲೆಕ್ಕಿಗರ ಕೈಗೆ ಕೊಟ್ಟು ತಾಳೆ ನೋಡಿಸಿದರು. ಒಂದು ತಾಲ್ಲೂಕಿನ ಡೇಟಾ ಸಿದ್ಧವಾದದ್ದೇ ಅಲ್ಲಿ ಕೈಬರಹದ ಪಹಣಿಗೆ ಕಾನೂನಿನ ಬೆಲೆ ಇಲ್ಲ ಅಂತ ಘೋಷಣೆ. ನಾವು ಶುಕ್ರವಾರ ರಾತ್ರಿ ಮಾಡೋ ಕಟ್‌ಓವರ್ ಇದೇ, ಹಳೆಯದಕ್ಕೆ ಬೀಗ, ಇನ್ನು ಬರೆಯೋದೆಲ್ಲ ಹೊಸದರಲ್ಲಿ. ನಮ್ಮದರಲ್ಲಿ ತಪ್ಪಾದರೆ ಸೋಮವಾರ ಬಾಸ್ ಬೈತಾರೆ. ಅವರದರಲ್ಲಿ ತಪ್ಪಾದರೆ ಒಬ್ಬನ ಗದ್ದೆ ಇನ್ನೊಬ್ಬನ ಹೆಸರಿಗೆ.

ಇನ್ನೆರಡು ಸಂಗತಿ ನನಗೆ ತುಂಬ ಇಷ್ಟ. ಒಂದು, ಬದಲಾವಣೆಗೆ ಒಪ್ಪಿಗೆ ಕೊಡುವ ಅಧಿಕಾರಿ ಬೆರಳಚ್ಚು ಒತ್ತಿಯೇ ಒಳಗೆ ಹೋಗಬೇಕು. 'ನಾನಲ್ಲ, ಯಾರೋ ನನ್ನ ಪಾಸ್‌ವರ್ಡ್ ಬಳಸಿದರು' ಅನ್ನೋ ಹಾಗಿಲ್ಲ. ಬಳಪ ಒರೆಸಿದ್ದು ಯಾರು ಅಂತ ಮೊದಲ ಸಲ ಗೊತ್ತಾಗುವ ಹಾಗಾಯಿತು. ಎರಡು, ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಹೋಗಬೇಕು. ಹಿಂದಿನವರನ್ನು ಮುಂದೆ ತರಲು ಸಾಫ್ಟ್‌ವೇರೇ ಬಿಡುತ್ತಿರಲಿಲ್ಲ. 15 ರೂಪಾಯಿಗೆ ಕಿಟಕಿಯಲ್ಲಿ ಪಹಣಿ. ನಮ್ಮಜ್ಜಿ ಮೊದಲ ಸಲ ಪ್ರಿಂಟಾದ ಪಹಣಿ ಕಂಡಾಗ ಅದನ್ನು ಮಡಚಲು ಬಿಡದೆ ದೇವರ ಮನೆಯ ಫೋಟೋ ಹಿಂದೆ ಇಟ್ಟಿದ್ದರು.

ಆಗ ಇದ್ದದ್ದು ತಾಲ್ಲೂಕಿಗೊಂದು ಸರ್ವರ್. ಹುಣಸೂರಿನ ಡೇಟಾ ಹುಣಸೂರಿನಲ್ಲಿ, ಕೋಟೆಯದು ಕೋಟೆಯಲ್ಲಿ. ಕರೆಂಟ್ ಹೋದರೆ ಯುಪಿಎಸ್, ಅದೂ ಹೋದರೆ 'ನಾಳೆ ಬನ್ನಿ'. ಹೀಗೆ ಹರಿದು ಹಂಚಿದ್ದ ಡೇಟಾಬೇಸುಗಳೆಲ್ಲ ನಂತರ ಬೆಂಗಳೂರಿನ ರಾಜ್ಯ ಡೇಟಾ ಕೇಂದ್ರದಲ್ಲಿ ಒಂದಾದವು. ಅಮೆಜಾನ್ ತನ್ನ ಬಾಡಿಗೆ ಡೇಟಾಬೇಸ್ ಸೇವೆಯನ್ನು 2009ರ ಅಕ್ಟೋಬರಿನಲ್ಲಿ ತೆರೆಯಿತು, ಆಗ ಅದರಲ್ಲಿದ್ದದ್ದು ಮೈಎಸ್‌ಕ್ಯೂಎಲ್ ಒಂದೇ. ಮುಂಬೈಯಲ್ಲಿ ಅದರ ಡೇಟಾ ಕೇಂದ್ರಗಳು ಬಂದದ್ದು 2016ರಲ್ಲಿ. ಅಷ್ಟರೊಳಗೆ ಕೇಂದ್ರ ಸರ್ಕಾರ 'ಮೇಘರಾಜ್' ಅಂತ ತನ್ನದೇ ಕ್ಲೌಡ್ ಕಟ್ಟಲು ಹೊರಟಿತ್ತು. ಹೆಸರಿಟ್ಟವರಿಗೆ ಒಂದು ನಮಸ್ಕಾರ, ಮಳೆಗಾಲದಲ್ಲಿ ಕೇಳಿದರೆ ಪೂಜೆ ಮಾಡೋಣ ಅನ್ನಿಸುತ್ತೆ. ಇವುಗಳ ಹಿಂದಿನ ಯೋಚನೆ ಒಂದೇ. ಡೇಟಾ ನಿಮ್ಮೂರಲ್ಲಿ ಕೂತಿರಬೇಕಿಲ್ಲ, ಯಂತ್ರದ ಆರೈಕೆ ಇನ್ನೊಬ್ಬರ ಪಾಲಿಗೆ, ನೀವು ಯಾವ ಊರಿಂದ ಬೇಕಾದರೂ ನೋಡಿಕೊಳ್ಳಿ.

ಇದರಿಂದ ಗೆದ್ದವರು ಯಾರು? ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಭೂಮಿ ಯೋಜನೆಯ ಬಗ್ಗೆ ಕಟುವಾದ ಒಂದು ಅಧ್ಯಯನ ಬರೆದರು. ದಾಖಲೆ ಹಳ್ಳಿಯಿಂದ ಮೇಲಕ್ಕೆ ಹೋದಷ್ಟೂ ಸಣ್ಣ ರೈತನ ಕೈಗೆ ದೂರವಾಯಿತು, ಬೆಂಗಳೂರಿನ ಸುತ್ತ ದೊಡ್ಡ ದೊಡ್ಡ ಜಮೀನು ಕೊಳ್ಳುವವರಿಗೆ ಹತ್ತಿರವಾಯಿತು ಎಂಬುದು ಅವರ ವಾದ. ಮೊದಲು ಓದಿದಾಗ ನನಗೆ ಕೋಪ ಬಂದಿತ್ತು, ಇಷ್ಟು ಚೆಂದದ ಸಿಸ್ಟಂ ಬಗ್ಗೆ ಹೀಗಾ ಅಂತ. ಈಗ ಅಷ್ಟು ಸಲೀಸಾಗಿ ತಳ್ಳಿಹಾಕಲಾರೆ. ಫ್ಲ್ಯಾಟಿನಲ್ಲಿ ಕೂತು ಫೋನಲ್ಲಿ ಪಹಣಿ ನೋಡುವ ನನಗೆ ಸಿಕ್ಕ ಅನುಕೂಲ ದೊಡ್ಡಪ್ಪನಿಗೂ ಅಷ್ಟೇ ಸಿಕ್ಕಿದೆಯಾ? ಅವರಿಗೆ ಈಗಲೂ ನಾನು ಬೇಕು. ಆದರೂ ಅಟ್ಟದ ಮೇಲಿನ ಕಡತಕ್ಕಿಂತ ಇದು ಮೇಲು ಅಂತಲೇ ನನ್ನ ಮತ.

ಇನ್ನೊಂದು ವಿಷಯ ನನ್ನನ್ನು ಹೆಚ್ಚು ಕಾಡುತ್ತೆ. ಹೆಗ್ಗಡದೇವನಕೋಟೆ ಕಡೆ, ಅಂತರಸಂತೆ ದಾಟಿ ಕಾಕನಕೋಟೆ ಕಾಡಿನ ದಾರಿ ಹಿಡಿದರೆ ಎರಡೂ ಬದಿಗೆ ಹಾಡಿಗಳು. ಜೇನುಕುರುಬರು ತಲೆಮಾರುಗಳಿಂದ ಬದುಕಿದ್ದ ನಾಗರಹೊಳೆ ಕಾಡಿನ ನೆಲ ಯಾವ ಕಡತದಲ್ಲೂ ಅವರ ಹೆಸರಲ್ಲಿರಲಿಲ್ಲ. ಸರ್ವೆ ನಂಬರ್ ಇಲ್ಲ, ಪಹಣಿ ಇಲ್ಲ. ಕಾಡಿಂದ ಹೊರಗೆ ಹೋಗಿ ಅಂದಾಗ ತೋರಿಸಲು ಒಂದು ಹಾಳೆಯೂ ಇಲ್ಲ. 1974ರಲ್ಲಿ ಬೀಚನಹಳ್ಳಿಯಲ್ಲಿ ಕಬಿನಿ ಅಣೆಕಟ್ಟು ಮುಗಿದು ಊರುಗಳು ಮುಳುಗಿದಾಗ, ಪಹಣಿ ಇದ್ದವರು ಪರಿಹಾರಕ್ಕಾಗಿ ಜಗಳವನ್ನಾದರೂ ಆಡಬಹುದಿತ್ತು. ಅರಣ್ಯ ಹಕ್ಕು ಕಾಯಿದೆ ಬಂದದ್ದು 2006ರಲ್ಲಿ. ಅದರಲ್ಲೂ ಮತ್ತದೇ, ಅರ್ಜಿ, ಸಾಕ್ಷಿ, ಕಾಲಂ. ಟೇಬಲ್ಲಿನಲ್ಲಿ ತಪ್ಪು ಸಾಲಿದ್ದರೆ ತಿದ್ದಬಹುದು, ತಾಳೆ ನೋಡುವ ಕ್ವೆರಿ ಅದನ್ನು ಹಿಡಿದು ತೋರಿಸುತ್ತೆ. ಇಲ್ಲದ ಸಾಲನ್ನು ಯಾವ ಕ್ವೆರಿಯೂ ತೋರಿಸಲ್ಲ.

ಸರಿ, ದೊಡ್ಡಪ್ಪನ ಗಂಟಿಗೆ ಬರೋಣ. ನಮ್ಮ ಊರು ಹುಣಸೂರು, ಪಿರಿಯಾಪಟ್ಟಣಗಳ ನಡುವೆ, ಹೊಗೆಸೊಪ್ಪಿನ ಸೀಮೆ. ಜಮೀನು ಒಟ್ಟು 3 ಎಕರೆ 30 ಗುಂಟೆ. ಅದರಲ್ಲಿ 10 ಗುಂಟೆ ಬಿ ಖರಾಬು, ಅಂದರೆ ಊರವರು ಓಡಾಡುವ ಬಂಡಿದಾರಿ. ಕಳೆದು ಉಳಿಯೋದು 3 ಎಕರೆ 20 ಗುಂಟೆ. ತಾತ ತೀರಿಕೊಂಡ ಮೇಲೆ ಮೂವರು ಅಣ್ಣತಮ್ಮಂದಿರು ಪಂಚಾಯ್ತಿ ಸೇರಿಸಿ ಭಾಗ ಮಾಡಿಕೊಂಡರು, ತಲಾ 1 ಎಕರೆ 10 ಗುಂಟೆ. ಕೂಡಿ ನೋಡಿ, 3 ಎಕರೆ 30 ಗುಂಟೆ. ದಾರಿಯನ್ನೂ ಸೇರಿಸಿ ಹಂಚಿಕೊಂಡುಬಿಟ್ಟಿದ್ದರು! ಕೈಬರಹದ ಕಾಲದಲ್ಲಿ ಯಾರೂ ಕೂಡಿ ನೋಡಲಿಲ್ಲ. ಅದೇ ತಪ್ಪು ಟೈಪ್ ಆಯಿತು, ಅದೇ ತಪ್ಪು ಬೆಂಗಳೂರಿನ ಸರ್ವರಿಗೂ ಹೋಯಿತು, ಬ್ಯಾಕಪ್ಪಿನಲ್ಲೂ ಭದ್ರವಾಗಿ ಕೂತಿತು. ಕಾಲಂ ಮೂರರ ಅಳತೆಗೆ ಮೂಲ ಸರ್ವೆ ಇಲಾಖೆಯ ಆಕಾರಬಂದು, ಕಾಲಂ ಒಂಬತ್ತಕ್ಕೆ ಮೂಲ ಮನೆಯವರ ಒಪ್ಪಂದ.

(ಎಂಜಿನಿಯರುಗಳಿಗೆ ಒಂದು ಕಿವಿಮಾತು. ಗುಂಟೆಯನ್ನು ದಶಮಾಂಶದ ಹಾಗೆ ಇಟ್ಟು ಕೂಡಬೇಡಿ. ಎಕರೆಗೆ 40 ಗುಂಟೆ. 1.30ಕ್ಕೆ 1.30 ಕೂಡಿದರೆ ಯಂತ್ರ 2.60 ಅನ್ನುತ್ತೆ, ಹೊಲ 3.20 ಅನ್ನುತ್ತೆ.)

140 ಗುಂಟೆಯನ್ನು ಮೂವರಿಗೆ ಹಂಚಿದರೆ ತಲಾ 1 ಎಕರೆ 6 ಗುಂಟೆ, ಮೇಲೆ 10 ಆಣೆ ಚಿಲ್ಲರೆ. ಗುಂಟೆಗೆ 16 ಆಣೆ. ಲೆಕ್ಕ ನನಗೆ ಎರಡು ನಿಮಿಷದ್ದು. ಅದನ್ನು ಮೂವರಿಗೆ ಒಪ್ಪಿಸಲು ನಾಲ್ಕು ಭಾನುವಾರ ಹೋದವು. ಬಂಡಿದಾರಿ ಇರೋದು ಪೂರ್ತಿ ಚಿಕ್ಕಪ್ಪನ ಪಾಲಿನ ಬದಿಯಲ್ಲಿ. 'ದಾರಿ ನಿನ್ನ ಕಡೆಯದು, ಹತ್ತು ಗುಂಟೆ ನೀನೇ ಬುಡು' ಅಂತ ಒಬ್ಬರು. 'ಮೂವತ್ತು ವರ್ಷದಿಂದ ದಾರಿ ಬುಟ್ಟಿರೋನು ನಾನು, ಈಗ ಪಾಣೀಲೂ ನಾನೇ ಕಳ್ಕೋಬೇಕಾ?' ಅಂತ ಚಿಕ್ಕಪ್ಪ. ಇಬ್ಬರ ಮಾತೂ ನ್ಯಾಯವೇ ಅನ್ನಿಸಿ ನಾನು ಸುಮ್ಮನೆ ಟೀ ಕುಡಿದೆ. ಕೊನೆಗೆ ದೊಡ್ಡಮ್ಮ ಬೈದ ಮೇಲೆ ಮೂವರೂ ಸಮನಾಗಿ ಬಿಡೋದು ಅಂತಾಯಿತು. ಸರ್ವೆಯವರು ಬಂದು ಅಳೆದರು, ಅರ್ಜಿಗೆ ಸಹಿ ಬಿತ್ತು, ನೋಟೀಸು ಹೊರಟಿತು.

ಇದನ್ನು ಬರೆಯುವ ಹೊತ್ತಿಗೆ ತಕರಾರು ಸಲ್ಲಿಸುವ ಅವಧಿ ಮುಗಿದಿಲ್ಲ. ನಿನ್ನೆ ರಾತ್ರಿ ದೊಡ್ಡಪ್ಪ ಮತ್ತೆ ಫೋನ್ ಮಾಡಿದ್ದರು.

'ನಮ್ಮ ಪಾಣಿ ಈಗ ಬೆಂಗಳೂರಲ್ಲಿ ಅದೆ ಅಂದಲ್ಲ, ನೀನು ಅಲ್ಲೇ ಇದ್ದೀಯಲ್ಲ, ಒಂದ್ಸತಿ ಓಗ್ ನೋಡ್ಕಂಡ್ ಬರಕಾಯ್ತದಾ?'

'ಹಾಗೆ ಹೋಗಿ ನೋಡೋಕಾಗಲ್ಲ ದೊಡ್ಡಪ್ಪ.'

'ಮತ್ಯಾಕ್ಲಾ ನಮ್ಮೂರಿಂದ ಅಷ್ಟು ದೂರ ತಗಂಡೋದ್ರು?'

ಬೆಳಿಗ್ಗೆ ಹೇಳ್ತೀನಿ ಅಂದೆ.